ಮಿಠಾಯಿ ಕಾಗದ ಬಿಡಿಸೋವಷ್ಟು ಹೊತ್ತು: ಮಾರ್ಗರೆಟ್ ಟೇಟ್ ಯಾಕೆ ಯಾರ ಕಣ್ಣಿಗೂ ಬೀಳ್ಲಿಲ್ಲ

ನಾಲ್ಕೈದು ನಿಮಿಷದ ಒಂದು ಸಿನಿಮಾ, 1952ರದ್ದು. ವಯಸ್ಸಾದ ಒಬ್ಬ ಹೆಂಗಸು ರಸ್ತೇಲಿ ನಡ್ಕೊಂಡು ಹೋಗ್ತಾಳೆ, ಬಯಲಲ್ಲಿ ನಿಂತು ಆರಾಮಾಗಿ ಸಿಗರೇಟ್ ಸೇದ್ತಾಳೆ, ಆಮೇಲೆ ಒಂದು ಮಿಠಾಯಿ ತಗೊಂಡು ಅದರ ಕಾಗದ ಬಿಡಿಸ್ತಾಳೆ. ಮಿಠಾಯಿ ಕರಗಿ ಕಾಗದಕ್ಕೆ ಅಂಟ್ಕೊಂಡಿದೆ, ಉಗುರಲ್ಲಿ ಕೆರೀತಾಳೆ, ಬರಲ್ಲ, ಇನ್ನೊಂದು ಮೂಲೆಯಿಂದ ಶುರು ಮಾಡ್ತಾಳೆ, ಕ್ಯಾಮೆರಾ ಅವಳ ಮುಖ ಬಿಟ್ಟು ಬೆರಳುಗಳ ಹತ್ರಾನೇ ಕೂತಿರತ್ತೆ. ಸಿನಿಮಾದ ಹೆಸರು ‘ಎ ಪೋರ್ಟ್ರೇಟ್ ಆಫ್ ಗಾ’. ಗಾ ಅಂದ್ರೆ ಸಿನಿಮಾ ಮಾಡಿದವಳ ತಾಯಿ. ಮಾಡಿದವಳು ಮಾರ್ಗರೆಟ್ ಟೇಟ್.

ಮೈಸೂರಿನ ಸರಸ್ವತೀಪುರಂನ ಮನೇಲಿ ಒಂದು ಭಾನುವಾರ ಲ್ಯಾಪ್‌ಟಾಪಲ್ಲಿ ಇದನ್ನ ನೋಡ್ತಾ ಇದ್ದೆ, ಅವ್ವ ಮಂಡ್ಯ ಕಡೆಯಿಂದ ಬಂದಿದ್ಲು, ಅವರೆಕಾಯಿ ಕಾಲ, ನೆನೆಸಿಟ್ಟ ಕಾಳನ್ನ ಪಕ್ಕದಲ್ಲೇ ಕೂತು ಇದುಕ್ತಾ ಇದ್ಲು. ಒಂದು ಸಲ ಸ್ಕ್ರೀನ್ ಕಡೆ ನೋಡಿ, "ಅದೇನವ್ವ ಆಯಮ್ಮ ಒಂದು ಪೆಪ್ಪರ್‌ಮೆಂಟ್ ಬಿಚ್ಚಕ್ಕೆ ಇಷ್ಟೊತ್ತು ಮಾಡ್ತಾವ್ಳೆ" ಅಂದ್ಲು. ಹಂಗಂದವಳು ಮುಗಿಯೋ ತನಕ ಕಣ್ಣು ಕೀಳ್ಲಿಲ್ಲ. ಕಥೆ ಇಲ್ಲ, ಮಾತು ಇಂಗ್ಲಿಷು, ಇವಳಿಗೆ ಅರ್ಥ ಆಗಿದ್ದೇನು ಅಂತ ನಂಗೊತ್ತಿಲ್ಲ, ಆದ್ರೆ ಕೆಲಸ ಮಾಡೋ ಕೈ ಇನ್ನೊಂದು ಕೈಯನ್ನ ನೋಡೋ ಥರ ನೋಡಿದ್ಲು ಅಷ್ಟೇ ಹೇಳಬಲ್ಲೆ.

ಈ ಟೇಟ್ ಬಗ್ಗೆ ಈಗೀಗ ಬರೋ ಬರಹದಲ್ಲೆಲ್ಲಾ "ಮರೆತುಹೋದ ಕವಿ, ಮರೆತುಹೋದ ಪ್ರಯೋಗಶೀಲ ನಿರ್ದೇಶಕಿ" ಅಂತ ಒಂದು ಪಟ್ಟ ಕಟ್ಟಿರ್ತಾರೆ. ಮಾರ್ಚ್ 8 ಬಂದ್ರೆ ನಮ್ಮ ಕಡೇನೂ ಈ ಥರದ ಪಟ್ಟಿಗಳು ವಾಟ್ಸಾಪಲ್ಲಿ ಓಡಾಡ್ತವೆ, ಮರೆತುಹೋದ ಹತ್ತು ಲೇಖಕಿಯರು, ನಾವು ಮರೆತ ಐದು ಸಾಧಕಿಯರು. ನಂಗೆ ಈ ಮರೆಯೋದು ಅನ್ನೋ ಕ್ರಿಯಾಪದದ ಮೇಲೇ ತಕರಾರು. ಮರೀಬೇಕು ಅಂದ್ರೆ ಮೊದ್ಲು ನೆನಪಿರ್ಬೇಕು ತಾನೇ? ಮದುವೆ ಮನೇಲಿ ಕರೆಯದೇ ಇರೋರನ್ನ "ಅಯ್ಯೋ ಮರೆತೇಬಿಟ್ವಿ" ಅನ್ನೋದು ನಮ್ಮಲ್ಲಿ ಹಳೇ ಚಾಳಿ, ಪಟ್ಟಿ ಬರೆಯೋವಾಗ್ಲೇ ಹೆಸರು ಹಾಕಿರಲ್ಲ ಅಂತ ಇಬ್ಬರಿಗೂ ಗೊತ್ತಿರತ್ತೆ. ಟೇಟ್ ವಿಷಯದಲ್ಲಿ ಆಗಿದ್ದೂ ಹೆಚ್ಚೂ ಕಮ್ಮಿ ಇದೇ. ಅದು ಹೆಂಗಾಯ್ತು ಅನ್ನೋದು, ಅಂದ್ರೆ ದುಡ್ಡು, ರೀಲು, ಡಬ್ಬ, ಕಪಾಟು ಇಂಥ ನೀರಸ ವಿಷಯಗಳ ಕಡೆಯಿಂದ ನೋಡಿದ್ರೆ, ಇವತ್ತು ಮೊಬೈಲಲ್ಲಿ ಸಣ್ಣ ಸಣ್ಣ ಸಿನಿಮಾ ಮಾಡ್ತಿರೋ ನಮ್ಮ ಹುಡುಗೀರಿಗೂ ತಾಗೋ ವಿಷಯ.

ಮೊದ್ಲು ಆಕೆ ಯಾರು ಅಂತ ಹೇಳಿಬಿಡ್ತೀನಿ. ಸ್ಕಾಟ್ಲೆಂಡಿನ ಉತ್ತರಕ್ಕೆ ಆರ್ಕ್ನಿ ಅಂತ ದ್ವೀಪಗಳ ಗುಂಪಿದೆ, ಸುಮಾರು 70 ದ್ವೀಪ, ಅದ್ರಲ್ಲಿ ಜನ ಇರೋದು ಇಪ್ಪತ್ತರಷ್ಟು, ಎಲ್ಲಾ ಸೇರಿ ಈಗ್ಲೂ 22,000 ಜನ ಆಗ್ಬೋದು, ಅಂದ್ರೆ ಮಂಡ್ಯದ ಯಾವ ತಾಲ್ಲೂಕಿನ ಪಕ್ಕ ಇಟ್ರೂ ಲೆಕ್ಕಕ್ಕೇ ಬರಲ್ಲ. ಮರ ಅನ್ನೋದು ಅಪರೂಪ, ಗಾಳಿ ಜಾಸ್ತಿ. ಅಲ್ಲಿನ ಕರ್ಕ್‌ವಾಲ್ ಅನ್ನೋ ಊರಲ್ಲಿ 1918ರ ನವೆಂಬರ್ 11ಕ್ಕೆ, ಮೊದಲನೇ ಮಹಾಯುದ್ಧ ನಿಂತ ದಿನಾನೇ, ಈ ಯಮ್ಮ ಹುಟ್ಟಿದ್ದು. ಎಡಿನ್‌ಬರಾದಲ್ಲಿ ಡಾಕ್ಟರಿ ಓದಿ 1941ರಲ್ಲಿ ಮುಗಿಸಿದ್ಲು, ಎರಡನೇ ಯುದ್ಧದಲ್ಲಿ ಸೇನೆಯ ವೈದ್ಯಕೀಯ ದಳ ಸೇರಿ ಇಂಡಿಯಾ, ಸಿಲೋನ್, ಮಲಯ ಎಲ್ಲಾ ಸುತ್ತಿದ್ಲು. ವಾಪಸ್ ಹೋದ್ಮೇಲೆ ನೆಟ್ಟಗೆ ಒಂದು ಕ್ಲಿನಿಕ್ ಇಟ್ಕೊಂಡು ಕೂರೋದು ಬಿಟ್ಟು, 1950ರಲ್ಲಿ ರೋಮಿಗೆ ಹೋಗಿ ಅಲ್ಲಿನ ಸಿನಿಮಾ ಶಾಲೆ ಸೇರಿದ್ಲು, ಚೆಂಟ್ರೋ ಸ್ಪೆರಿಮೆಂಟಾಲೆ ಅಂತ. ಮೂವತ್ತು ದಾಟಿದ ಡಾಕ್ಟರು ಕೆಲಸ ಬಿಟ್ಟು ಸಿನಿಮಾ ಕಲೀತೀನಿ ಅಂತ ಹೊರಟ್ರೆ ನಮ್ಮ ಮನೆಗಳಲ್ಲಿ ಏನಂತಾರೆ ಅಂತ ನಿಮಗೆ ಬೇರೆ ಹೇಳ್ಬೇಕಾಗಿಲ್ಲ.

ರೋಮಲ್ಲಿ ಆಗ ನವವಾಸ್ತವವಾದದ ಕಾಲ, ಸ್ಟುಡಿಯೋ ಸೆಟ್ಟು ಬಿಟ್ಟು ಬೀದಿಗೆ ಕ್ಯಾಮೆರಾ ತಂದವರ ಕಾಲ. ಅಲ್ಲಿ ಆಕೆ ಇದ್ದ ರಸ್ತೆಯ ಹೆಸರು ವಿಯಾ ಅಂಕೋನಾ, ಅದನ್ನೇ ಇಟ್ಕೊಂಡು ಅಂಕೋನಾ ಫಿಲ್ಮ್ಸ್ ಅಂತ ಒಂದು ಸಂಸ್ಥೆ, ಜೊತೆಗೆ ಓದಿದ ಪೀಟರ್ ಹಾಲೆಂಡರ್ ಕೂಡ ಸೇರಿ ಕಟ್ಟಿದ್ದು. ಸಂಸ್ಥೆ ಅಂದ್ರೆ ದೊಡ್ಡದಾಗಿ ಊಹಿಸ್ಕೋಬೇಡಿ, ಎಡಿನ್‌ಬರಾಗೆ ಬಂದ್ಮೇಲೆ ರೋಸ್ ಸ್ಟ್ರೀಟಲ್ಲಿ ಒಂದು ಸಣ್ಣ ಜಾಗ. ಪ್ರಿನ್ಸೆಸ್ ಸ್ಟ್ರೀಟ್ ಅಂತ ಅಲ್ಲಿನ ಝಗಮಗ ಅಂಗಡಿ ರಸ್ತೆ, ನಮ್ಮ ದೇವರಾಜ ಅರಸು ರಸ್ತೆ ಇದ್ದಂಗೆ, ಅದರ ಹಿಂದುಗಡೆ ಓಡೋ ಕಿರಿದಾದ ಬೀದಿ ರೋಸ್ ಸ್ಟ್ರೀಟು, ಶಿವರಾಂಪೇಟೆ ಅಂತ ಇಟ್ಕೊಳ್ಳಿ. ಮುಂದಿನ ರಸ್ತೆಗೆ ಟೂರಿಸ್ಟು ಬರ್ತಾರೆ, ಹಿಂದಿನ ಬೀದೀಲಿ ಮಕ್ಕಳು ಆಡ್ತಾರೆ, ಲೋಡು ಇಳಿಸ್ತಾರೆ, ಜಗಳ ಆಡ್ತಾರೆ. ಅವಳು 1956ರಲ್ಲಿ ಆ ಹಿಂದಿನ ಬೀದಿಯ ಮೇಲೇ ‘ರೋಸ್ ಸ್ಟ್ರೀಟ್’ ಅಂತ ಒಂದು ಸಿನಿಮಾ ಮಾಡಿದ್ಲು.

ಈಗ ದುಡ್ಡಿನ ವಿಷಯ. ಅವಳ ಮೂವತ್ತು ಚಿಲ್ಲರೆ ಸಿನಿಮಾಗಳಲ್ಲಿ ಬಹುಪಾಲು ಸ್ವಂತ ದುಡ್ಡಲ್ಲೇ ಆಗಿದ್ದು. ಆ ದುಡ್ಡು ಬಂದಿದ್ದು ಲೋಕಮ್ ಕೆಲಸದಿಂದ, ಅಂದ್ರೆ ಯಾರಾದ್ರೂ ಡಾಕ್ಟರು ರಜೆ ಹೋದಾಗ ಅವರ ಕುರ್ಚೀಲಿ ಕೂತು ಪೇಷೆಂಟ್ ನೋಡೋದು. ಒಂದಷ್ಟು ದಿನ ಕೆಮ್ಮು ನೆಗಡಿ, ಒಂದಷ್ಟು ದಿನ ಕ್ಯಾಮೆರಾ. ಇದನ್ನ ತ್ಯಾಗ ಗೀಗ ಅಂತ ದೊಡ್ಡದು ಮಾಡೋಕೆ ನಂಗೆ ಮನಸ್ಸಿಲ್ಲ, ನಮ್ಮಲ್ಲಿ ಅನುಪಮಾ ನಿರಂಜನ ಅವರೂ ಡಾಕ್ಟರಾಗಿದ್ಕೊಂಡೇ ಅಷ್ಟು ಬರೆದ್ರು, ಇದು ಎಷ್ಟೋ ಹೆಂಗಸರ ಮಾಮೂಲಿ ಲೆಕ್ಕಾಚಾರ. ಆದ್ರೆ ಬರೆಯೋಕೆ ಪೆನ್ನು ಪೇಪರ್ ಸಾಕು, ಸಿನಿಮಾಗೆ ರೀಲು ಬೇಕು.

ಆಕೆ ಬಳಸಿದ್ದು ಬೋಲೆಕ್ಸ್, 16 ಎಂಎಂ ಕ್ಯಾಮೆರಾ. ಹಳೇ ಗೋಡೆ ಗಡಿಯಾರಕ್ಕೆ ಕೀ ಕೊಟ್ಟಂಗೆ ಇದಕ್ಕೂ ಕೀ ಕೊಡ್ಬೇಕು, ಒಂದು ಸಲ ಪೂರ್ತಿ ತಿರುಗಿಸಿದ್ರೆ ಅರ್ಧ ನಿಮಿಷಕ್ಕಿಂತ ಸ್ವಲ್ಪ ಕಮ್ಮಿ ಓಡತ್ತೆ, ಆಮೇಲೆ ನಿಂತೋಗತ್ತೆ. ನೂರು ಅಡಿ ರೀಲು ಹಾಕಿದ್ರೆ ಎಲ್ಲಾ ಸೇರಿ ಎರಡೂ ಮುಕ್ಕಾಲು ನಿಮಿಷ. ಅಂದ್ರೆ ಒಂದೊಂದು ಸೆಕೆಂಡೂ ಜೇಬಿಂದ ಹೋಗೋ ದುಡ್ಡು. ಇಂಥ ಕ್ಯಾಮೆರಾ ಹಿಡ್ಕೊಂಡು ಅಮ್ಮ ಮಿಠಾಯಿ ಬಿಚ್ಚೋದನ್ನ ಅಷ್ಟು ಹೊತ್ತು ನೋಡ್ತಾ ನಿಲ್ಲೋದು ಅಂದ್ರೆ ಏನು ಅಂತ ಯೋಚ್ನೆ ಮಾಡಿ. ನಾನು ಅವತ್ತೇ ಪರೀಕ್ಷೆ ಮಾಡಿದೆ, ಫೋನ್ ತೆಗೆದು ಅವ್ವನ ಕೈ ಶೂಟ್ ಮಾಡೋಕೆ ಹೋದೆ. ಅವಳು ತಕ್ಷಣ "ಇರವ್ವ, ಸೀರೆ ಬದ್ಲಾಯಿಸ್ಕೊಂಡು ಬತ್ತೀನಿ" ಅಂದ್ಲು, ಬೇಡ ಕೂತ್ಕೋ ಅಂದೆ, ಶುರು ಮಾಡಿದೆ, ಹೆಬ್ಬೆರಳು ತೋರುಬೆರಳ ಮಧ್ಯೆ ಕಾಳು ಇಟ್ಟು ಒತ್ತಿದ್ರೆ ಬಿಳೀ ಬೇಳೆ ಪುಸಕ್ ಅಂತ ಆಚೆ ಹಾರತ್ತೆ, ಸಿಪ್ಪೆ ಬೆರಳಲ್ಲೇ ಉಳಿಯತ್ತೆ, ಅದನ್ನ ನೋಡ್ದೇನೇ ಪಕ್ಕಕ್ಕೆ ಒಗೀತಾಳೆ. ಚೆನ್ನಾಗಿತ್ತು. ಆಮೇಲೆ ನೋಡಿದ್ರೆ ನಾನು ತೆಗ್ದಿದ್ದು 11 ಸೆಕೆಂಡು, ಅದ್ರಲ್ಲೂ ಎರಡು ಸಲ ಮುಖಕ್ಕೆ ಝೂಮ್ ಹೋಗಿ ಬಂದಿದೀನಿ. ಸ್ಟೋರೇಜ್ ಇತ್ತು, ಚಾರ್ಜ್ ಇತ್ತು, ನಿಲ್ಲೋಕೇ ಆಗ್ಲಿಲ್ಲ.

ಟೇಟ್ ಸಿನಿಮಾನ ಅರ್ಥ ಮಾಡ್ಕೊಳ್ಳೋಕೆ ಅವಳ ಕವಿತೆ ಕಡೆಯಿಂದ ಹೋಗೋದೇ ಸರಿ ಅನ್ಸತ್ತೆ. 1959, 60 ಈ ಎರಡು ವರ್ಷದಲ್ಲೇ ಮೂರು ಕವನ ಸಂಕಲನ ತಂದ್ಲು, ‘ಒರಿಜಿನ್ಸ್ ಅಂಡ್ ಎಲಿಮೆಂಟ್ಸ್’, ‘ದ ಹೆನ್ ಅಂಡ್ ದ ಬೀಸ್’, ‘ಸಬ್ಜೆಕ್ಟ್ಸ್ ಅಂಡ್ ಸೀಕ್ವೆನ್ಸಸ್’, ಎಲ್ಲಾ ತಾನೇ ಪ್ರಕಟಿಸಿದ್ದು. ಇನ್ನೊಂದು ಕಡೆ ಸಣ್ಣ ಕಥೆ, ಮಕ್ಕಳ ಕಥೆ. ಅದೇ 1959ರಲ್ಲಿ ಅಡಿಗರ ‘ಭೂಮಿಗೀತ’ ಬಂದಿದ್ದು, ಅವರು ಆಗ ಇಲ್ಲೇ ಮೈಸೂರಲ್ಲಿ ಸೇಂಟ್ ಫಿಲೋಮಿನಾಸಲ್ಲಿ ಪಾಠ ಮಾಡ್ತಾ ಇದ್ರು. ನವ್ಯ ಅಂದ್ರೆ ಏನು ಅಂತ ಈ ಊರಲ್ಲಿ ಕಾಫಿ ಕುಡೀತಾ ಜಗಳ ಆಡ್ತಿದ್ದ ಕಾಲಕ್ಕೇ ಅಲ್ಲೊಬ್ಬಳು ಆ ಜಗಳದ ಹಂಗಿಲ್ಲದೆ, ಯಾವ ಪಂಥದ ಚೀಟಿನೂ ಅಂಟಿಸ್ಕೊಳ್ದೆ ಹೊಸದಾಗಿ ಬರೀತಾ ಇದ್ಲು. ಪಂಥಕ್ಕೆ ಸೇರದೆ ಇರೋದು ಕೇಳೋಕೆ ಚಂದ, ಆದ್ರೆ ಮುನ್ನುಡಿ ಬರೆಯೋರು, ವಿಮರ್ಶೆ ಬರೆಯೋರು, ಪಠ್ಯಕ್ಕೆ ಹಾಕೋರು ಎಲ್ಲಾ ಪಂಥದ ಒಳಗಡೆನೇ ಇರ್ತಾರೆ, ಅದರ ಬೆಲೆ ಕಟ್ಟೋದು ಆಮೇಲೆ.

ಅವಳದೊಂದು ಕವಿತೆ ಇದೆ, ವಿಷಯ ಇಷ್ಟೇ. ಐದು ವರ್ಷದ ಹುಡುಗಿ ಒಂದು ಗಿಡ ಸಂಜೆ ಮುಚ್ಚಿಕೊಳ್ಳೋದನ್ನ ಕಣ್ಣಾರೆ ನೋಡ್ಬೇಕು ಅಂತ ಕಾಯ್ತಾಳೆ, ಕಾದು ಕಾದು ಬೇಜಾರಾಗಿ ಆ ಕಡೆ ತಿರುಗ್ತಾಳೆ, ಮತ್ತೆ ನೋಡೋವಷ್ಟ್ರಲ್ಲಿ ಮುಚ್ಚಿಕೊಂಡಿರತ್ತೆ. ಅದನ್ನ ಓದಿದ್ಮೇಲೆ ನಮ್ಮ ಬೀದಿ ತುದಿಯ ಮಳೆಮರ ನೋಡೋಕೆ ಶುರು ಮಾಡಿದೆ. ಮೈಸೂರಿನ ಎಷ್ಟೋ ರಸ್ತೆ ಮೇಲೆ ಚಪ್ಪರ ಹಾಕಿರೋದು ಇವೇ, ಸಂಜೆ ಆದ್ರೆ ಎಲೆ ಮಡಚ್ಕೊಳ್ತವೆ, ಮೋಡ ಕವಿದ್ರೂ ಮಡಚ್ಕೊಳ್ತವೆ, ನಮ್ಮೂರ ಹುಣಸೆ ಮರದ್ದೂ ಅದೇ ಕತೆ. ಮುಟ್ಟಿದರೆ ಮುನಿ ಥರ ಇದು ಫಟ್ ಅಂತ ಆಗಲ್ಲ. ತಾರಸಿ ಮೇಲೆ ನಿಂತು ಮೂರು ಸಂಜೆ ಕಾದೆ. ಮೊದಲ್ನೇ ದಿನ ಫೋನ್ ಬಂತು, ಎರಡನೇ ದಿನ ಸೊಳ್ಳೆ, ಮೂರನೇ ದಿನ ನಾನು ನೋಡ್ತಾನೇ ಇದ್ದೆ, ಆದ್ರೂ ಯಾವಾಗ ಮಡಚ್ಕೊಂಡ್ತು ಅಂತ ಗೊತ್ತಾಗ್ಲಿಲ್ಲ. ಆಗೋ ಕ್ಷಣ ಅಂತ ಒಂದಿಲ್ಲ ಅಲ್ಲಿ, ಆಗ್ತಾ ಇರೋದು ಅಷ್ಟೇ ಇದೆ. ಟೇಟ್ ಸಿನಿಮಾ ಪೂರ್ತಿ ಇದರ ಮೇಲೇ ನಿಂತಿದೆ ಅಂತ ನನ್ನ ಲೆಕ್ಕ.

‘ಏರಿಯಲ್’ ಅಂತ 1974ರ ಸಿನಿಮಾ ಇದೆ, ಅದೂ ನಾಲ್ಕೇ ನಿಮಿಷ. ಗಾಳಿ, ನೀರು, ಮಣ್ಣು, ಬೆಂಕಿ. ಮಳೆ, ಹಿಮ, ಸತ್ತ ಹಕ್ಕಿ, ಒಂದು ಎರೆಹುಳ. ಹಿಂಗೆ ಹೇಳಿದ್ರೆ ಸ್ಕೂಲ್ ಮಕ್ಕಳ ಚಾರ್ಟ್ ಥರ ಕೇಳ್ಸತ್ತೆ, ನೋಡಿದ್ರೆ ಬೇರೇನೇ. ಒಂದು ಶಾಟ್ ಆದ್ಮೇಲೆ ಇನ್ನೊಂದು ಯಾಕೆ ಬಂತು ಅಂತ ಕಥೆಯಿಂದ ಹೇಳೋಕಾಗಲ್ಲ. ನಮ್ಮ ಹಳಗನ್ನಡ ಪದ್ಯದಲ್ಲಿ ಪ್ರಾಸ ಸಾಲಿನ ಕೊನೇಲಿ ಬರ್ತಿರ್ಲಿಲ್ಲ, ಎರಡನೇ ಅಕ್ಷರದಲ್ಲಿ ಕೂತಿರ್ತಿತ್ತು, ಕಿವಿಗೆ ಹೊಡೆದು ಕಾಣಲ್ಲ, ಆದ್ರೆ ಸಾಲುಗಳನ್ನ ಒಳಗಿಂದ ಕಟ್ಟಿರತ್ತೆ. ಟೇಟ್ ಎಡಿಟಿಂಗ್ ಹಂಗೇ. ಹಕ್ಕಿಯ ರೆಕ್ಕೆಯಲ್ಲಿದ್ದ ಒಂದು ಓಟ ಮುಂದಿನ ಶಾಟಿನ ನೀರಲ್ಲಿ ಇರತ್ತೆ, ಎರಡನೇ ಸಲ ನೋಡಿದ್ರೆ ಸಿಗತ್ತೆ. ಇದನ್ನ ಅವಳು ಫಿಲ್ಮ್ ಪೊಯೆಮ್ ಅಂತ ಕರೀತಿದ್ಲು, ಚಿತ್ರಕವಿತೆ ಅನ್ನಿ. ಅದೇ ವರ್ಷದ ‘ಕಲರ್ ಪೊಯೆಮ್ಸ್’ ಅಂತೂ ಒಂಬತ್ತು ಸಣ್ಣ ಚಿತ್ರಗಳನ್ನ ಪೋಣಿಸಿದ್ದು, ಮಧ್ಯೆ ಮಧ್ಯೆ ಅವಳದೇ ಕವಿತೆ ಕೇಳ್ಸತ್ತೆ.

ಸತ್ಯ ಹೇಳ್ಬೇಕು ಅಂದ್ರೆ ಎಲ್ಲವೂ ನಂಗೆ ಹಿಡಿಸ್ಲಿಲ್ಲ. ‘ವೇರ್ ಐ ಆಮ್ ಈಸ್ ಹಿಯರ್’ ಅಂತ 1964ರದ್ದು, ಅರ್ಧ ಗಂಟೆಗೂ ಮೇಲಿದೆ, ನಾನಿರೋದು ಇಲ್ಲೇ ಅಂತ ಅರ್ಥ, ಹೆಸರು ಕೇಳಿದ್ರೆ ಖುಷಿ ಆಗತ್ತೆ, ಎಡಿನ್‌ಬರಾದ ದಿನನಿತ್ಯದ ಚೂರುಪಾರು ಮತ್ತೆ ಮತ್ತೆ ಬರ್ತವೆ, ಮೊದಲ್ನೇ ಸಲ ನಂಗೆ ಇಪ್ಪತ್ತನೇ ನಿಮಿಷಕ್ಕೆ ತೂಕಡಿಕೆ ಬಂತು. ಎರಡನೇ ಸಲ ಬೆಳಿಗ್ಗೆ ಕಾಫಿ ಆದ್ಮೇಲೆ ನೋಡ್ದೆ, ಆಗ ಒಂದು ಮಟ್ಟಿಗೆ ಸಿಕ್ತು. ಓರೆಕೋರೆ ಕಟ್ಟು, ಅಲ್ಲಾಡೋ ಫ್ರೇಮು ಎಲ್ಲಾ ಇದೆ, ಕೆಲವು ಕಡೆ ಬೇಕು ಅಂತ, ಕೆಲವು ಕಡೆ ಬೇರೆ ದಾರಿ ಇಲ್ದೆ ಅಂತ ನಂಗನ್ಸಿದ್ದು. ಹಂಗಂತ ಇದನ್ನ ಹವ್ಯಾಸಿ ಕೆಲಸ ಅಂತ ಬದಿಗಿಟ್ರೆ ತಪ್ಪಾಗತ್ತೆ. ಹವ್ಯಾಸಿ ಅನ್ನೋ ಪದಾನೇ ನೋಡಿ, ನಮ್ಮ ಮೈಸೂರಲ್ಲಿ ಹವ್ಯಾಸಿ ನಾಟಕ ತಂಡ ಅಂದ್ರೆ ಮರ್ಯಾದೆಯ ಮಾತು, ಗಂಡಸು ಸ್ವಂತ ದುಡ್ಡಲ್ಲಿ ಪ್ರಯೋಗ ಮಾಡಿದ್ರೆ ಹುಚ್ಚು ಸಾಹಸಿ ಅಂತಾರೆ, ಹೆಂಗಸು ಮಾಡಿದ್ರೆ ಟೈಮ್‌ಪಾಸಿಗೆ ಏನೋ ಮಾಡ್ಕೊಂಡಿದಾಳೆ ಅಂತಾರೆ.

ಟೈಮ್‌ಪಾಸ್ ಅನ್ನೋರಿಗೆ ‘ಪೇಂಟೆಡ್ ಏಟ್‌ಸಮ್’ ತೋರಿಸ್ಬೇಕು. 1970ರದ್ದು, ಕ್ಯಾಮೆರಾನೇ ಇಲ್ಲ ಅದ್ರಲ್ಲಿ. 35 ಎಂಎಂ ಫಿಲ್ಮಿನ ಮೇಲೆ ನೇರವಾಗಿ ಬಣ್ಣ ಹಚ್ಚಿದ್ದು, ಸ್ಕಾಟಿಶ್ ಕುಣಿತದ ಹಾಡಿಗೆ ತಕ್ಕಂಗೆ ಬಣ್ಣದ ಬೊಂಬೆಗಳು, ಚುಕ್ಕಿಗಳು, ಗೆರೆಗಳು ಎಂಟೆಂಟಾಗಿ ಕುಣೀತವೆ. ಒಂದು ಸೆಕೆಂಡಿಗೆ 24 ಚೌಕ, ಸುಮಾರು ಆರು ನಿಮಿಷ, ಗುಣಾಕಾರ ಮಾಡಿದ್ರೆ ಎಂಟು ಸಾವಿರದ ಮೇಲಾಗತ್ತೆ. ಒಂದೊಂದು ಚೌಕವೂ ಹೆಬ್ಬೆರಳ ಉಗುರಿಗಿಂತ ಸ್ವಲ್ಪ ದೊಡ್ಡದು ಅಷ್ಟೇ. ಮೈಸೂರಿನ ಗಂಜೀಫಾ ಎಲೆ, ಅಂದ್ರೆ ಕೈಯಲ್ಲಿ ಚಿತ್ರ ಬರೆದ ಹಳೇ ಇಸ್ಪೀಟ್ ಎಲೆ, ಬರೆಯೋರನ್ನ ನೋಡಿದವರಿಗೆ ಇದು ಎಂಥ ಕೆಲಸ ಅಂತ ಗೊತ್ತಾಗತ್ತೆ, ನವಿರು ಕೂದಲಿನ ಕುಂಚ ಹಿಡಿದು ಉಸಿರು ಬಿಗಿಹಿಡ್ಕೊಂಡು ಗೆರೆ ಎಳೆಯೋದು, ಆದ್ರೆ ಗಂಜೀಫಾ ಎಲೇನ ಕೈಲಿ ಹಿಡಿದು ನೋಡ್ಬೋದು, ಇಲ್ಲಿ ಒಂದೊಂದು ಚೌಕ ಕಣ್ಣ ಮುಂದೆ ಇರೋದು ಸೆಕೆಂಡಿನ ಇಪ್ಪತ್ನಾಲ್ಕನೇ ಒಂದು ಭಾಗ.

ನಂಗೆ ಎಲ್ಲಕ್ಕಿಂತ ಇಷ್ಟ ಆಗಿದ್ದು ‘ಲ್ಯಾಂಡ್ ಮಕಾರ್’, 1981. ಮಕಾರ್ ಅಂದ್ರೆ ಸ್ಕಾಟ್ಸ್ ಭಾಷೇಲಿ ಕವಿ, ಮಾಡುವವನು ಅನ್ನೋದೇ ಅದರ ಬೇರು. ಆರ್ಕ್ನಿಯಲ್ಲಿ ಅವಳ ಆಸುಪಾಸಿನ ಒಬ್ಬ ರೈತ ಹೆಂಗಸಿನ ಮೇಲೆ ಹಲವು ಋತುಗಳಲ್ಲಿ ತೆಗೆದ ಚಿತ್ರ. ಆಯಮ್ಮ ಹೊಲದ ಕೆಲಸ ಮಾಡ್ತಾಳೆ, ದನ ಕೋಳಿ ನೋಡ್ಕೋತಾಳೆ, ಮಧ್ಯೆ ಮಾತಾಡ್ತಾಳೆ. ಹೆಸರು ಮಾತ್ರ ಹೊಲದ ಕವಿ ಅಂತ. ಇದನ್ನ ಬಾಯಿಮಾತಿಗೆ ಇಟ್ಟ ಹೆಸರು ಅಂದ್ಕೋಬೇಡಿ, ಆಯಮ್ಮ ಉತ್ತ ನೆಲ, ಕಟ್ಟಿದ ಹುಲ್ಲಿನ ಸಾಲು, ಅವೆಲ್ಲಾ ಫ್ರೇಮಲ್ಲಿ ಬರೆದಂಗೇ ಕಾಣ್ತವೆ. ನಮ್ಮ ಮಂಡ್ಯದಲ್ಲಿ ಒಕ್ಕಲುತನದ ಬಗ್ಗೆ ಸಿನಿಮಾ ಬಂದ್ರೆ ಒಂದೋ ಸಾಲ, ಇಲ್ಲಾ ಕಾವೇರಿ ಗಲಾಟೆ, ಇಲ್ಲಾ ಹೀರೋ ಪಂಚೆ ಎತ್ತಿ ಕಟ್ಟಿ ಡೈಲಾಗ್. ನಾಟಿ ಹಾಕೋ ಹೆಂಗಸರು ಹಿಂದೆ ಸಾಲಾಗಿ ಬಗ್ಗಿರ್ತಾರೆ, ಮುಂದೆ ಹಾಡು ನಡೀತಿರತ್ತೆ. ಬಗ್ಗಿದ ಬೆನ್ನಿನ ಹತ್ರ ಕ್ಯಾಮೆರಾ ಹೋಗಿ ಅರ್ಧ ಗಂಟೆ ನಿಲ್ಲೋದು ನಮಗಿನ್ನೂ ರೂಢಿ ಆಗಿಲ್ಲ.

ಹಂಗಾದ್ರೆ ಇಷ್ಟೆಲ್ಲಾ ಮಾಡಿದವಳನ್ನ ಯಾರೂ ಯಾಕೆ ನೋಡ್ಲಿಲ್ಲ ಅಂದ್ರೆ, ಹೆಂಗಸು ಅಂತ, ಅಷ್ಟೇ ಅಂತ ಒಂದೇ ಮಾತಲ್ಲಿ ಮುಗಿಸ್ಬೋದು, ಅದು ಸುಳ್ಳೂ ಅಲ್ಲ. ಆದ್ರೆ ಆ ಮಾತು ಎಲ್ಲಿ ಹೆಂಗೆ ಕೆಲಸ ಮಾಡತ್ತೆ ಅಂತ ನೋಡ್ಬೇಕು. ಸಿನಿಮಾ ಅಂದ್ರೆ ಬರೀ ತೆಗೆಯೋದಲ್ಲವಲ್ಲ, ತೆಗೆದ್ಮೇಲೆ ಪ್ರಿಂಟು ಹಾಕಿಸ್ಬೇಕು, ಅದನ್ನ ಯಾರಾದ್ರೂ ವಿತರಣೆಗೆ ತಗೋಬೇಕು, ಕ್ಯಾಟಲಾಗಲ್ಲಿ ಹೆಸರು ಬರ್ಬೇಕು, ಪ್ರೊಜೆಕ್ಟರ್ ಇರೋ ಕಡೆಗೆ ಡಬ್ಬ ಹೋಗ್ಬೇಕು. ಟಿವಿಯವರಿಗೆ ಬೇಕಾದ ಅಳತೆ ಇರ್ತದೆ, ಥಿಯೇಟರಿಗೆ ಇನ್ನೊಂದು ಅಳತೆ, ನಾಲ್ಕು ನಿಮಿಷದ ಸಿನಿಮಾ ಎರಡಕ್ಕೂ ಕೂರಲ್ಲ. ಅದರ ಮೇಲೆ ಆಕೆ ಲಂಡನ್ನಿಂದ ಸಾಧ್ಯ ಆದಷ್ಟು ದೂರ ಹೋಗಿ ಆರ್ಕ್ನಿಯಲ್ಲಿ ಕೂತ್ಲು. ಬೆಂಗಳೂರಿಗೆ ಹೋಗ್ದೆ ನಾಗಮಂಗಲದಲ್ಲೇ ಕೂತು ಸಿನಿಮಾ ಮಾಡ್ತೀನಿ ಅನ್ನೋರನ್ನ ನೆನೆಸ್ಕೊಳ್ಳಿ.

ಕೊನೆಗೂ ಅವಳಿಗೆ ಒಂದು ದೊಡ್ಡ ಸಿನಿಮಾ ಮಾಡೋಕೆ ದುಡ್ಡು ಸಿಕ್ತು, 1992ರಲ್ಲಿ ‘ಬ್ಲೂ ಬ್ಲ್ಯಾಕ್ ಪರ್ಮನೆಂಟ್’ ಬಂತು. ಸ್ಕಾಟ್ಲೆಂಡಿನ ಹೆಂಗಸೊಬ್ಬಳು ನಿರ್ದೇಶನ ಮಾಡಿದ ಮೊದಲ ಪೂರ್ಣಾವಧಿ ಕಥಾಚಿತ್ರ ಅಂತ ಅದನ್ನ ಲೆಕ್ಕ ಹಾಕ್ತಾರೆ. ಆಗ ಅವಳ ವಯಸ್ಸು ಎಪ್ಪತ್ತು ದಾಟಿತ್ತು. ಕವಿಯಾಗಿದ್ದ ತಾಯಿ ಸಮುದ್ರದಲ್ಲಿ ಮುಳುಗಿ ಸತ್ತಿರ್ತಾಳೆ, ಫೋಟೋಗ್ರಾಫರ್ ಮಗಳು ಆ ಸಾವನ್ನ ಬಿಡಿಸ್ಕೊಳ್ಳೋಕೆ ಒದ್ದಾಡ್ತಾಳೆ. ಹೆಸರು ಕೇಳಿದ್ರೆ ನಂಗೆ ಅಪ್ಪನ ಇಂಕ್ ಬಾಟಲಿ ಜ್ಞಾಪಕ ಬರತ್ತೆ, ಲೇಬಲ್ ಮೇಲೆ ಪರ್ಮನೆಂಟ್ ಬ್ಲೂ ಬ್ಲ್ಯಾಕ್ ಅಂತ ಇರ್ತಿತ್ತು, ಬಿಳೀ ಷರ್ಟಿನ ಜೇಬಲ್ಲಿ ಸೋರಿದ್ರೆ ಅವ್ವ ನಿಂಬೆಹಣ್ಣು ಉಪ್ಪು ಹಾಕಿ ತಿಕ್ತಾ ಇದ್ಲು, ಹೋಗ್ತಿರ್ಲಿಲ್ಲ. ಕನ್ನಡದಲ್ಲಿ ನೋಡಿದ್ರೆ ಪ್ರೇಮಾ ಕಾರಂತರ ‘ಫಣಿಯಮ್ಮ’ ಬಂದಿದ್ದು 1983ರಲ್ಲಿ, ಅಂದ್ರೆ ಅವರಿಗಿಂತ ಒಂಬತ್ತು ವರ್ಷ ಮುಂಚೆನೇ. ಇದೇನು ಬೀಗೋ ವಿಷಯ ಅಲ್ಲ ಬಿಡಿ, ನಮ್ಮ ವಾಕಿ ಚಿತ್ರ ಶುರುವಾಗಿ ಅಷ್ಟೊತ್ತಿಗೆ ಅರ್ಧ ಶತಮಾನ ಆಗ್ತಾ ಬಂದಿತ್ತು.

1999ರ ಏಪ್ರಿಲಲ್ಲಿ ಟೇಟ್ ತೀರ್ಕೊಂಡ್ಲು, ಹಿಂದಿನ ವರ್ಷ ‘ಗಾರ್ಡನ್ ಪೀಸಸ್’ ಅಂತ ಒಂದು ಸಿನಿಮಾ ಮುಗಿಸಿದ್ಲು. ನಿಜವಾದ ಕಥೆ ಶುರುವಾಗೋದು ಇಲ್ಲಿಂದ. ಮನೇಲಿ ಉಳಿದ ರೀಲು, ಕಾಗದಪತ್ರ. ಪುಣ್ಯಕ್ಕೆ ಸ್ಕಾಟ್ಲೆಂಡಿನ ಫಿಲ್ಮ್ ಆರ್ಕೈವ್ ರೀಲು ಇಟ್ಕೊಳ್ತು, ಕರ್ಕ್‌ವಾಲಿನ ಲೈಬ್ರರಿ ಕಾಗದ ಇಟ್ಕೊಳ್ತು, ಲಂಡನ್ನಿನ ಲಕ್ಸ್ ಅನ್ನೋ ಸಂಸ್ಥೆ ಹೊಸ ಪ್ರಿಂಟು ತೆಗೆಸೋ ಕೆಲಸಕ್ಕೆ ಕೈ ಹಾಕಿ 2004ರಲ್ಲಿ ಪ್ರದರ್ಶನಗಳಾದವು. 2010ರಿಂದ ಅವಳ ಹೆಸರಲ್ಲಿ ಪ್ರಶಸ್ತಿ, 2012ರಲ್ಲಿ ಸಾರಾ ನೀಲಿ ಸಂಪಾದಿಸಿದ ಕವಿತೆ ಕಥೆಗಳ ಪುಸ್ತಕ, 2018ರಲ್ಲಿ ಶತಮಾನೋತ್ಸವ. ಇಷ್ಟೂ ಆಗಿದ್ದು ಯಾರೋ ಒಬ್ಬರಿಗೆ ರಾತ್ರೋರಾತ್ರಿ ಜ್ಞಾನೋದಯ ಆಗಿ ಅಲ್ಲ, ಡಬ್ಬ ಇತ್ತು, ಡಬ್ಬಕ್ಕೊಂದು ಕಪಾಟು ಇತ್ತು, ಕಪಾಟಿಗೆ ಸಂಬಳ ತಗೊಳ್ಳೋ ಒಬ್ಬರು ಇದ್ರು, ಅದಕ್ಕೆ.

ಇದನ್ನ ಮೈಸೂರಿನವರಿಗೆ ಹೇಳ್ಕೊಡೋ ಅಗತ್ಯ ಇಲ್ಲ. ಓರಿಯಂಟಲ್ ಲೈಬ್ರರಿಗೆ ಯಾರೋ ಪಂಡಿತರು ತಂದುಕೊಟ್ಟ ಓಲೆಗರಿ ಕಟ್ಟು ಇತ್ತು ಅಂತ ತಾನೇ ಶಾಮಾಶಾಸ್ತ್ರಿಗಳಿಗೆ ಅರ್ಥಶಾಸ್ತ್ರ ಸಿಕ್ಕಿದ್ದು, 1909ರಲ್ಲಿ ಅಚ್ಚಾಗಿದ್ದು. ಅದೇ ನಾಡಿನ ಮೊದಲ ವಾಕಿ ಚಿತ್ರ ‘ಸತಿ ಸುಲೋಚನ’, 1934, ಅದರ ಒಂದು ಪ್ರಿಂಟೂ ಇವತ್ತು ಇಲ್ಲ. ಕೌಟಿಲ್ಯ ಉಳ್ಕೊಂಡ, ಸುಲೋಚನ ಉಳೀಲಿಲ್ಲ.

ಟೇಟ್ ಕಥೆ ಓದ್ತಾ ನನ್ನ ತಲೇಲಿ ಓಡ್ತಾ ಇದ್ದಿದ್ದು ನಂಜನಗೂಡು ತಿರುಮಲಾಂಬ. ಇಲ್ಲೇ ಇಪ್ಪತ್ತೈದು ಕಿಲೋಮೀಟ್ರು. 1887ರಲ್ಲಿ ಹುಟ್ಟಿ ಬಾಲ್ಯದಲ್ಲೇ ವಿಧವೆಯಾದ ಹೆಣ್ಣುಮಗಳು 1913ರಲ್ಲಿ ‘ಸತೀ ಹಿತೈಷಿಣೀ’ ಅಂತ ತನ್ನದೇ ಗ್ರಂಥಮಾಲೆ ಶುರು ಮಾಡಿದ್ರು, ಆಮೇಲೆ ‘ಕರ್ನಾಟಕ ನಂದಿನಿ’ ಅಂತ ಪತ್ರಿಕೆ, ಬರೆಯೋದೂ ಅವರೇ, ಸಂಪಾದಕರೂ ಅವರೇ, ಪ್ರಕಾಶಕರೂ ಅವರೇ. ಅಂಕೋನಾ ಫಿಲ್ಮ್ಸಿಗೆ ನಲವತ್ತು ವರ್ಷ ಮೊದ್ಲು. ಅವರು ತೀರ್ಕೊಂಡಿದ್ದು 1982ರಲ್ಲಿ, ಮದ್ರಾಸಲ್ಲಿ. ಅಂದ್ರೆ ನಾವು ಅವರನ್ನ ಚರಿತ್ರೆಗೆ ಸೇರಿಸಿ ಕೈ ತೊಳ್ಕೊಂಡಿದ್ದ ಎಷ್ಟೋ ವರ್ಷ ಅವರು ಬದುಕಿದ್ರು. ಈಗ ಅವರ ಹೆಸರಲ್ಲೂ ಒಂದು ಪ್ರಶಸ್ತಿ ಇದೆ, ಶಾಶ್ವತಿ ಅನ್ನೋ ಸಂಸ್ಥೆಯವರು ಲೇಖಕಿಯರಿಗೆ ಕೊಡ್ತಾರೆ, ಒಳ್ಳೇ ಕೆಲಸಾನೇ. ಪ್ರಶಸ್ತಿಯ ಹೆಸರು ಗೊತ್ತಿರೋ ಹತ್ತು ಜನರನ್ನ ಕೇಳಿ ನೋಡಿ, ಅವರ ಒಂದು ಪುಸ್ತಕ ಓದಿದೀರಾ ಅಂತ. ನನ್ನನ್ನೇ ಕೇಳಿದ್ರೂ ಎರಡು ವರ್ಷದ ಹಿಂದಿನ ತನಕ ಇಲ್ಲ ಅಂತಾನೇ ಹೇಳ್ಬೇಕಿತ್ತು.

ಹಳೇ ಕಾಲದ ಮಾತಾಯ್ತಲ್ಲ ಅಂತೀರಾ, ಈಗ ಎಲ್ಲಾ ಡಿಜಿಟಲ್, ಯಾವುದೂ ಕಳೆಯಲ್ಲ ಅಂತ. ನನ್ನ ಪರಿಚಯದ ಒಬ್ಬಾಕೆ ಪಡುವಾರಹಳ್ಳಿ ಕಡೆಯವಳು, ಹೂ ಕಟ್ಟೋ ಹೆಂಗಸರ ಮೇಲೆ ಒಂದು ಹದಿನೈದು ನಿಮಿಷದ ಸಿನಿಮಾ ಮಾಡಿದ್ಲು, ದೇವರಾಜ ಮಾರ್ಕೆಟ್ಟಲ್ಲಿ ಬೆಳಗಿನ ಜಾವ ನಾಲ್ಕು ಗಂಟೆಗೆ ಹೋಗಿ ಎರಡು ತಿಂಗಳು ಶೂಟ್ ಮಾಡಿದ್ದು. ಒಂದು ಕಾಲೇಜಲ್ಲಿ ತೋರಿಸಿದ್ರು, ಚಪ್ಪಾಳೆ ಬಿತ್ತು, ಹಾರ್ಡ್‌ಡಿಸ್ಕ್ ಅಲ್ಲೇ ಕೊಟ್ಟು ಬಂದ್ಲು, ಒಂದು ವರ್ಷ ಆದ್ಮೇಲೆ ಕೇಳಿದ್ರೆ ಫಾರ್ಮ್ಯಾಟ್ ಆಗಿಬಿಟ್ಟಿದೆ ಮೇಡಂ ಅಂದ್ರು. ಅವಳ ಹತ್ರ ಇದ್ದ ಕಾಪಿಯ ಲ್ಯಾಪ್‌ಟಾಪ್ ಅಷ್ಟೊತ್ತಿಗೆ ಸತ್ತಿತ್ತು. ಈಗ ಉಳಿದಿರೋದು ವಾಟ್ಸಾಪಲ್ಲಿ ಯಾರಿಗೋ ಕಳಿಸಿದ ಒಂದೂವರೆ ನಿಮಿಷದ ತುಂಡು, ಅದೂ ಮಸುಕು ಮಸುಕು. 16 ಎಂಎಂ ರೀಲನ್ನ ತಣ್ಣಗಿನ, ಒಣ ಜಾಗದಲ್ಲಿಟ್ರೆ ಅರವತ್ತು ಎಪ್ಪತ್ತು ವರ್ಷ ಆದ್ಮೇಲೂ ಬೆಳಕಿಗೆ ಹಿಡಿದ್ರೆ ಚಿತ್ರ ಕಾಣತ್ತೆ. ಹಾರ್ಡ್‌ಡಿಸ್ಕನ್ನ ಬೆಳಕಿಗೆ ಹಿಡಿದ್ರೆ ಏನೂ ಕಾಣಲ್ಲ.

ಪುಣೇಲಿ 1964ರಿಂದ ರಾಷ್ಟ್ರೀಯ ಫಿಲ್ಮ್ ಆರ್ಕೈವ್ ಇದೆ, ಅಷ್ಟು ದೊಡ್ಡ ದೇಶದ ಸಿನಿಮಾ ಎಲ್ಲಾ ಅದೇ ನೋಡ್ಕೋಬೇಕು, ಹೂ ಕಟ್ಟೋರ ಹದಿನೈದು ನಿಮಿಷ ಅಲ್ಲಿ ತನಕ ಹೋಗೋದು ಯಾವ ಕಾಲಕ್ಕೆ. ಕರ್ಕ್‌ವಾಲ್ ಥರದ ಒಂದು ಊರಿನ ಲೈಬ್ರರಿ, ಜಿಲ್ಲಾ ಮಟ್ಟದ್ದು, ಅಂಥದ್ದು ಇದ್ರೆ ಬೇರೆ. ಬಹುರೂಪಿ ನಾಟಕೋತ್ಸವದ ಟೈಮಲ್ಲಿ ರಂಗಾಯಣದಲ್ಲಿ ಚಿತ್ರೋತ್ಸವಾನೂ ಮಾಡ್ತಾರೆ, ಜನ ನಿಂತು ನೋಡ್ತಾರೆ, ನೋಡೋರಿಗೆ ಈ ಊರಲ್ಲಿ ಬರ ಇಲ್ಲ. ಇಲ್ಲಿ ತೋರಿಸಿದ ಸ್ಥಳೀಯ ಕಿರುಚಿತ್ರಗಳ ಒಂದೊಂದು ಕಾಪಿ, ತೆಗೆದವರ ಹೆಸರು, ವರ್ಷ, ಒಂದು ಕಪಾಟು, ಎರಡು ಕಡೆ ಬ್ಯಾಕಪ್ಪು. ವಿಶ್ವವಿದ್ಯಾಲಯಾನೋ ಜಿಲ್ಲಾ ಗ್ರಂಥಾಲಯಾನೋ ಮಾಡ್ಬೋದಾದ ಕೆಲಸ, ಹಬ್ಬಕ್ಕೆ ಹಾಕೋ ಫ್ಲೆಕ್ಸಿನ ಖರ್ಚಿಗಿಂತ ಜಾಸ್ತಿ ಆಗಲ್ಲ ಅಂತ ನನ್ನ ಅಂದಾಜು. ರಿಬ್ಬನ್ ಕಟ್ ಮಾಡೋಕೆ ಏನೂ ಇರಲ್ಲ ಅದ್ರಲ್ಲಿ, ಅದೇ ತೊಂದರೆ.

ಅವ್ವ ಊರಿಗೆ ಹೊರಡೋ ದಿನ ಬಸ್‌ಸ್ಟ್ಯಾಂಡಲ್ಲಿ ಆ ಹನ್ನೊಂದು ಸೆಕೆಂಡಿನ ವಿಡಿಯೋ ಮತ್ತೆ ತೋರಿಸ್ದೆ. ಫೋನು ಕಣ್ಣ ಹತ್ರ ಹಿಡ್ಕೊಂಡು ನೋಡಿದ್ಲು. "ಬೆರಳು ನಮ್ಮವ್ವನ್ದೇ ಆಗೋಗವೆ ಕಣವ್ವ" ಅಂದ್ಲು. ಆಮೇಲೆ ಬಸ್ ಹತ್ತೋವಾಗ ತಿರುಗಿ, ಅದನ್ನ ತೆಗ್ದಾಕ್ಬುಡು, ಸೀರೆ ಚೆನ್ನಾಗಿಲ್ಲ ಅಂದ್ಲು. ಹೂಂ ಅಂದೆ, ಇನ್ನೂ ತೆಗ್ದಿಲ್ಲ.